ನ್ಯೂಟ್ರಿನೊ ಬಡಿದ ಸದ್ದು ಉಪ್ಪಿನೊಳಗೆ ಕೇಳುತ್ತದಾ? ನಮ್ಮ ಕೆಜಿಎಫ್‌ನಲ್ಲಿ ಯಾಕೆ ಆಗುವುದಿಲ್ಲ?

ಮುಳಬಾಗಿಲು ದೋಸೆ

ಕೆಜಿಎಫ್ ಅಂದರೆ ಬರೀ ಚಿನ್ನ ಅಲ್ಲ ಅಂತ ಇಲ್ಲಿರುವವರಿಗೆ ಗೊತ್ತು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿ.ಮೀ. ಕೆಳಗೆ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಅನ್ನುವ ಕಣ ಸಿಕ್ಕಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಅಂದರೆ ಟಿಐಎಫ್ಆರ್‌ನವರು, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯದವರು, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಸೇರಿ ಮಾಡಿದ ಪ್ರಯೋಗ ಅದು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಸಿಕ್ಕಿತ್ತು.

ಇದರ ಬಗ್ಗೆ ಓದುತ್ತಾ ಹೋದಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ತುಂಬಾ ಜಾಸ್ತಿ ಶಕ್ತಿ ಇರುವ ನ್ಯೂಟ್ರಿನೊಗಳನ್ನು ಬೆಳಕಿನಿಂದ ಅಲ್ಲ, ಸದ್ದಿನಿಂದ ಹಿಡಿಯಬಹುದಂತೆ. ಅದಕ್ಕೆ ನೆಲದಡಿಯ ಕಲ್ಲುಪ್ಪು ಒಳ್ಳೆಯ ಜಾಗವಂತೆ. ಕಣ ಬಡಿದರೆ ಸದ್ದು ಹೇಗೆ ಬರುತ್ತದೆ? ಉಪ್ಪೇ ಯಾಕೆ ಬೇಕು? ನಮ್ಮಲ್ಲೇ ಮೂರು ಕಿ.ಮೀ. ಆಳದ ಗಣಿ ಸುಮ್ನೆ ಬಿದ್ದಿದೆಯಲ್ಲ, ಅಲ್ಲೇ ಮೈಕು ಇಳಿಸಿದರೆ ಆಗಲ್ವಾ? ಗೌರಿಬಿದನೂರು ಮೇಷ್ಟ್ರು ಬಿಡುವಿದ್ದರೆ ಸ್ವಲ್ಪ ಬಿಡಿಸಿ ಹೇಳಬೇಕು.

ಶಿಡ್ಲಘಟ್ಟ ಗೂಡು

ನ್ಯೂಟ್ರಿನೊ ಅಂದರೆ ಯಾವುದಕ್ಕೂ ತಾಗದೆ ಭೂಮಿಯನ್ನೇ ತೂರಿಕೊಂಡು ಹೋಗುವ ಕಣ ಅಲ್ವಾ? ಈಗ ನನ್ನ ಮೈಯೊಳಗೂ ಕೋಟಿಗಟ್ಟಲೆ ಹೋಗುತ್ತಿವೆ. ನನಗಂತೂ ಏನೂ ಕೇಳಿಸುತ್ತಿಲ್ಲ. ವಾಟ್ಸಾಪ್‌ನಲ್ಲಿ ಬರುವ ಸುದ್ದಿ ತರ ಇದೆ ಇದು.

ಮಾಲೂರು ಹೆಂಚು

ಗೂಡಣ್ಣ, ನಿಮಗೆ ಮನೆಯವರು ಕರೆದರೂ ಕೇಳಿಸಲ್ಲ. ಅದನ್ನು ಲೆಕ್ಕಕ್ಕೆ ತಗೋಬೇಡಿ.

ಗೌರಿಬಿದನೂರು ಮೇಷ್ಟ್ರು

ಗೂಡು ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಮೊದಲು ಅದನ್ನೇ ನೋಡೋಣ.

ನಿಮ್ಮ ಮೈ ತೂರಿ ಹೋಗುತ್ತಿರುವ ನ್ಯೂಟ್ರಿನೊಗಳಲ್ಲಿ ಹೆಚ್ಚಿನವು ಸೂರ್ಯನಿಂದ ಬಂದವು. ಒಂದೊಂದರ ಶಕ್ತಿ ಕೆಲವು ಲಕ್ಷ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಸಣ್ಣ ಮಾನ), ಬಹಳ ಆದರೆ ಒಂದೂವರೆ ಕೋಟಿ. ಸದ್ದಿನಿಂದ ಹಿಡಿಯಲು ಹೊರಟಿರುವುದು ಇವನ್ನಲ್ಲ. 10¹⁸, ಅಂದರೆ ಒಂದರ ಮುಂದೆ 18 ಸೊನ್ನೆ ಎಲೆಕ್ಟ್ರಾನ್ ವೋಲ್ಟ್‌ಗಿಂತ ಮೇಲಿನವನ್ನು. ಶಕ್ತಿ ಏರಿದ ಹಾಗೆ ನ್ಯೂಟ್ರಿನೊ ಬಡಿಯುವ ಸಾಧ್ಯತೆಯೂ ಏರುತ್ತದೆ. 10¹⁸ಕ್ಕೆ ಬರುವಷ್ಟರಲ್ಲಿ ಕೆಲವು ನೂರು ಕಿ.ಮೀ. ಬಂಡೆ ಸಾಕು, ಅದು ಎಲ್ಲೋ ಒಂದು ಕಡೆ ಬಡಿದೇ ಬಡಿಯುತ್ತದೆ. ಭೂಮಿಯ ಅಡ್ಡಳತೆ 12,700 ಕಿ.ಮೀ. ಅಂದರೆ ಇಂಥ ನ್ಯೂಟ್ರಿನೊ ಭೂಮಿಯ ನಡುವಿನಿಂದ ತೂರಿ ಈ ಕಡೆ ಬರಲಾರದು. ಮೇಲಿಂದ ಬರಬೇಕು, ಇಲ್ಲವೇ ನೆಲಕ್ಕೆ ಸಮವಾಗಿ ಓರೆಯಲ್ಲಿ ಬರಬೇಕು.

ಇವು ಇವೆ ಅಂತ ನಂಬಲು ಕಾರಣ ಇದೆ. 1966ರಲ್ಲಿ ಅಮೆರಿಕದ ಗ್ರೈಸೆನ್ ಒಂದು ಲೆಕ್ಕ ಕೊಟ್ಟರು. ರಷ್ಯಾದ ಜಾತ್ಸೆಪಿನ್ ಮತ್ತು ಕುಜ್ಮಿನ್ ಬೇರೆಯಾಗಿ ಅದೇ ಲೆಕ್ಕ ಮಾಡಿದರು. ಆಕಾಶದ ತುಂಬಾ ವಿಶ್ವದ ಆರಂಭ ಕಾಲದಿಂದ ಉಳಿದ ಮೈಕ್ರೋವೇವ್ ಹಿನ್ನೆಲೆ ಬೆಳಕು ಹರಡಿಕೊಂಡಿದೆ. ಸುಮಾರು 5×10¹⁹ ಎಲೆಕ್ಟ್ರಾನ್ ವೋಲ್ಟ್‌ಗಿಂತ ಜಾಸ್ತಿ ಶಕ್ತಿಯ ಪ್ರೋಟಾನ್ ದೂರದಿಂದ ಬಂದರೆ ಆ ಬೆಳಕಿಗೆ ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಳ್ಳುತ್ತದೆ. ಆ ಡಿಕ್ಕಿಯಲ್ಲಿ ಪಯಾನ್ ಅನ್ನುವ ಅಲ್ಪಾಯುಷಿ ಕಣ ಹುಟ್ಟುತ್ತದೆ. ಪಯಾನ್ ಒಡೆದರೆ ನ್ಯೂಟ್ರಿನೊ. ನ್ಯೂಟ್ರಿನೊಗೆ ವಿದ್ಯುದಂಶ ಇಲ್ಲ, ಕಾಂತಕ್ಷೇತ್ರ ಅದನ್ನು ಬಾಗಿಸುವುದಿಲ್ಲ. ಹುಟ್ಟಿದ ಕಡೆಯಿಂದ ನೆಟ್ಟಗೆ ಬರುತ್ತದೆ. ತೊಂದರೆ ಇರುವುದು ಎಣಿಕೆಯಲ್ಲಿ. ಒಂದು ಘನ ಕಿ.ಮೀ. ಜಾಗದಲ್ಲಿ ವರ್ಷಕ್ಕೆ ಇಂಥದ್ದು ಒಂದು ಬಡಿದರೆ ಅದೇ ಹೆಚ್ಚು.

ಇನ್ನು ಸದ್ದಿನ ಕಥೆ. 10²⁰ ಎಲೆಕ್ಟ್ರಾನ್ ವೋಲ್ಟ್ ಅಂದರೆ 16 ಜೂಲ್. ಕ್ರಿಕೆಟ್ ಚೆಂಡು ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವಾಗ ಇರುವಷ್ಟು ಶಕ್ತಿ. ಅಷ್ಟೂ ಒಂದೇ ಕಣದಲ್ಲಿ! ಅದು ಉಪ್ಪಿನಲ್ಲೋ ನೀರಿನಲ್ಲೋ ಬಡಿದಾಗ ಕಣಗಳ ಒಂದು ಮಳೆ ಏಳುತ್ತದೆ. ಹತ್ತು ಮೀಟರ್ ಆಸುಪಾಸಿನ ಉದ್ದ, ಕೆಲವೇ ಸೆಂಟಿಮೀಟರ್ ದಪ್ಪ. ಮಳೆ ಬೆಳಕಿನ ವೇಗದಲ್ಲಿ ಸಾಗುವುದರಿಂದ ಆ ಗೆರೆ ಪೂರ್ತಿ ಏಕಕಾಲಕ್ಕೆ ಬಿಸಿಯಾಯಿತು ಅಂತಲೇ ಲೆಕ್ಕ. ಬಿಸಿ ಏರುವುದು ಒಂದು ಡಿಗ್ರಿಯ ತೀರಾ ಸಣ್ಣ ಭಾಗ ಅಷ್ಟೇ. ಆದರೂ ಬಿಸಿಯಾದ ಜಾಗ ಥಟ್ಟನೆ ಹಿಗ್ಗಲೇಬೇಕು. ಹಿಗ್ಗಿದಾಗ ಸುತ್ತಲಿನದನ್ನು ತಳ್ಳುತ್ತದೆ. ಆ ತಳ್ಳಾಟವೇ ಸದ್ದು. ಗೆರೆಯ ಉದ್ದಕ್ಕೂ ಒಟ್ಟಿಗೆ ಹೊರಡುವುದರಿಂದ ಸದ್ದು ಎಲ್ಲ ಕಡೆಗೂ ಹೋಗುವುದಿಲ್ಲ. ಗೆರೆಗೆ ಅಡ್ಡಲಾಗಿ, ಚಪ್ಪಟೆ ಬಿಲ್ಲೆಯ ಆಕಾರದಲ್ಲಿ ಹರಡುತ್ತದೆ.

ಇದನ್ನು ಹೇಳಿದವರು ಸೋವಿಯತ್ ವಿಜ್ಞಾನಿ ಅಸ್ಕರ್ಯಾನ್, 1957ರಲ್ಲಿ. 1979ರಲ್ಲಿ ಅಮೆರಿಕದ ಬ್ರೂಕ್‌ಹೇವನ್‌ನಂಥ ಕಡೆ ಪ್ರೋಟಾನ್ ಕಿರಣವನ್ನು ನೀರಿನ ತೊಟ್ಟಿಗೆ ಹೊಡೆದು ಕೇಳಿಯೇಬಿಟ್ಟರು. ನನಗೆ ಅದರಲ್ಲಿ ತುಂಬಾ ಇಷ್ಟವಾದ ಭಾಗ ಒಂದಿದೆ. ನೀರು 4 ಡಿಗ್ರಿಯ ಹತ್ತಿರ ಬಿಸಿ ಮಾಡಿದರೂ ಹಿಗ್ಗುವುದಿಲ್ಲ, ಅದಕ್ಕಿಂತ ತಣ್ಣಗಿದ್ದರೆ ಬಿಸಿಗೆ ಕುಗ್ಗುತ್ತದೆ. ಸದ್ದು ನಿಜವಾಗಲೂ ಹಿಗ್ಗುವಿಕೆಯಿಂದ ಬರುತ್ತಿದ್ದರೆ ಅಲ್ಲಿ ಅದು ಮಾಯವಾಗಬೇಕು, ಇನ್ನೂ ತಣ್ಣಗೆ ಮಾಡಿದರೆ ತಲೆಕೆಳಗಾಗಬೇಕು. ನೀರನ್ನು ತಣಿಸುತ್ತಾ ಹೋದಾಗ ಸದ್ದು ಕುಗ್ಗಿತು, ಆಮೇಲೆ ತಲೆಕೆಳಗಾಯಿತು. ವಾಟ್ಸಾಪ್ ಸುದ್ದಿ ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ.

ಶಿಡ್ಲಘಟ್ಟ ಗೂಡು

ಸರಿ ಮೇಷ್ಟ್ರೇ, ಸದ್ದು ಬರುತ್ತದೆ ಅಂತ ಒಪ್ಪಿದೆ. ಆದರೆ ನೀರಿನಲ್ಲೇ ಬರುತ್ತದೆ ಅಂದರೆ ಸಮುದ್ರ ಇದೆಯಲ್ಲ. ಉಪ್ಪು ಅಗೆಯುವ ಕರ್ಮ ಯಾಕೆ?

ಚಿಂತಾಮಣಿ ಸೌಂಡ್ಸ್

ಇದಕ್ಕೆ ನಾನು ಉತ್ತರ ಕೊಡುತ್ತೇನೆ, ನನ್ನ ಹೊಟ್ಟೆಪಾಡೇ ಮೈಕು. ಸದ್ದು ಎಷ್ಟು ಜೋರು ಅನ್ನುವುದು ಅರ್ಧ ವಿಷಯ. ಸುತ್ತ ಎಷ್ಟು ಗಲಾಟೆ ಇದೆ ಅನ್ನುವುದು ಉಳಿದರ್ಧ. ಸಮುದ್ರದಲ್ಲಿ ಅಲೆ, ಮಳೆ, ಹಡಗು, ಡಾಲ್ಫಿನ್ ಎಲ್ಲವೂ ಇವೆ. ಮೆಡಿಟರೇನಿಯನ್‌ನಲ್ಲಿ, ಸಿಸಿಲಿಯ ಕಟಾನಿಯಾ ಊರಿನ ಹೊರಗೆ ಇದೇ ಉದ್ದೇಶಕ್ಕೆ ಹೈಡ್ರೋಫೋನ್, ಅಂದರೆ ನೀರೊಳಗಿನ ಮೈಕು ಇಳಿಸಿದ್ದರು. ಅಲ್ಲಿ ಸಿಕ್ಕಿದ್ದು ಸ್ಪರ್ಮ್ ತಿಮಿಂಗಿಲಗಳ ಟಿಕ್ ಟಿಕ್. ಜೀವಶಾಸ್ತ್ರದವರಿಗೆ ಹಬ್ಬ.

ನ್ಯೂಟ್ರಿನೊ ಸದ್ದು ಅಂದರೆ ಒಂದೇ ಒಂದು ಕ್ಲಿಕ್. ಒತ್ತಡ ಒಮ್ಮೆ ಏರಿ, ಒಮ್ಮೆ ಇಳಿದು, ಮುಗಿಯಿತು. ನೀರಿನಲ್ಲಿ ಹತ್ತು ಕಿಲೋಹರ್ಟ್ಸ್ ಆಸುಪಾಸು. ಡಾಲ್ಫಿನ್ ಕ್ಲಿಕ್ಕೂ ಹೆಚ್ಚು ಕಡಿಮೆ ಹಾಗೇ ಕಾಣುತ್ತದೆ. ಒಂದು ಮೈಕಿನಿಂದ ಎರಡನ್ನೂ ಬೇರೆ ಮಾಡಲು ಆಗುವುದೇ ಇಲ್ಲ.

ಮೇಷ್ಟ್ರೇ, ನನಗೊಂದು ಅನುಮಾನ. ದಕ್ಷಿಣ ಧ್ರುವದ ಮಂಜುಗಡ್ಡೆಯಲ್ಲಿ ಐಸ್‌ಕ್ಯೂಬ್ ಅನ್ನುವ ನ್ಯೂಟ್ರಿನೊ ಡಿಟೆಕ್ಟರ್ ಇದೆಯಲ್ಲ, ಬೆಳಕಿನಿಂದ ಚೆನ್ನಾಗೇ ಹಿಡಿಯುತ್ತಿದ್ದಾರೆ. ಸದ್ದಿನ ಹಿಂದೆ ಬಿದ್ದಿರುವುದು ಯಾಕೆ?

ಗೌರಿಬಿದನೂರು ಮೇಷ್ಟ್ರು

ದುಡ್ಡು ಮತ್ತು ತೂತು, ಅಕ್ಕ. ಐಸ್‌ಕ್ಯೂಬ್ ಕೆಲಸ 2010ರ ಡಿಸೆಂಬರ್‌ನಲ್ಲಿ ಮುಗಿಯಿತು. 86 ತೂತು, 5,160 ಬೆಳಕಿನ ಸೆನ್ಸರ್. ಒಂದೊಂದು ತೂತನ್ನೂ ಬಿಸಿನೀರಿನಿಂದ ಸುಮಾರು ಎರಡೂವರೆ ಕಿ.ಮೀ. ಆಳಕ್ಕೆ ಕೊರೆದಿದ್ದಾರೆ. ಇಷ್ಟಾದರೂ ಸಿಕ್ಕಿದ್ದು ಒಂದು ಘನ ಕಿ.ಮೀ. ಮಂಜುಗಡ್ಡೆಯೊಳಗೆ ಬೆಳಕು ನೂರು ಮೀಟರ್ ಆಸುಪಾಸು ಹೋಗುವಷ್ಟರಲ್ಲಿ ಮಂಕಾಗುತ್ತದೆ. ಅದಕ್ಕೇ ತೂತುಗಳನ್ನು 125 ಮೀಟರ್‌ಗೊಂದರಂತೆ ಕೊರೆಯಬೇಕಾಯಿತು. ಮೆಡಿಟರೇನಿಯನ್ ಸಮುದ್ರದ ಕೆಎಂ3ನೆಟ್ ಡಿಟೆಕ್ಟರ್ 2023ರ ಫೆಬ್ರವರಿ 13ರಂದು ಹಿಡಿದದ್ದು ಸುಮಾರು 2.2×10¹⁷ ಎಲೆಕ್ಟ್ರಾನ್ ವೋಲ್ಟ್‌ನ ನ್ಯೂಟ್ರಿನೊ. ಅದೂ ಬೆಳಕಿನಿಂದಲೇ. ಆದರೆ 10¹⁸ಕ್ಕಿಂತ ಮೇಲಿನವು ಹತ್ತಾರು ಬೇಕು ಅಂದರೆ ನೂರು ಘನ ಕಿ.ಮೀ. ಬೇಕಾಗುತ್ತದೆ. ಇದೇ ಲೆಕ್ಕದಲ್ಲಿ ಕೊರೆಯುತ್ತಾ ಹೋದರೆ ಎಂಟು ಸಾವಿರಕ್ಕೂ ಜಾಸ್ತಿ ತೂತು. ಯಾವ ಸರ್ಕಾರವೂ ಒಪ್ಪುವುದಿಲ್ಲ.

ಸದ್ದು ಒಂದು ಕಿ.ಮೀ. ಹೋದರೆ? ತೂತುಗಳ ನಡುವೆಯೂ ಒಂದು ಕಿ.ಮೀ. ಬಿಡಬಹುದು. ಇಡೀ ಆಸೆ ನಿಂತಿರುವುದು ಈ ಒಂದು ಮಾತಿನ ಮೇಲೆ.

ಈಗ ಉಪ್ಪಿಗೆ ಬರೋಣ. ಅದೇ ಬಿಸಿಗೆ ಎಷ್ಟು ಜೋರು ಸದ್ದು ಬರುತ್ತದೆ ಅನ್ನುವುದಕ್ಕೆ ಮೂರು ಅಂಶ ಮುಖ್ಯ. ವಸ್ತು ಎಷ್ಟು ಹಿಗ್ಗುತ್ತದೆ, ಅದನ್ನು ಬಿಸಿ ಮಾಡಲು ಎಷ್ಟು ಶಾಖ ಬೇಕು, ಅದರಲ್ಲಿ ಸದ್ದಿನ ವೇಗ ಎಷ್ಟು. ಉಪ್ಪನ್ನು ಬಿಸಿ ಮಾಡಲು ನೀರಿಗೆ ಬೇಕಾದ ಶಾಖದ ಐದನೇ ಒಂದು ಭಾಗ ಸಾಕು. ಸದ್ದಿನ ವೇಗ ನೀರಿನಲ್ಲಿ ಸೆಕೆಂಡಿಗೆ 1,500 ಮೀಟರ್, ಉಪ್ಪಿನಲ್ಲಿ ಸುಮಾರು 4,500. ಎಲ್ಲ ಸೇರಿಸಿದರೆ ಉಪ್ಪಿನಲ್ಲಿ ಹೊರಡುವ ಸದ್ದು ಸಮುದ್ರದಲ್ಲಿ ಹೊರಡುವುದಕ್ಕಿಂತ ಹತ್ತು ಪಟ್ಟಿಗೂ ಮೇಲೆ. ಜೊತೆಗೆ ಉಪ್ಪು ನೀರಿಗಿಂತ ಎರಡು ಪಟ್ಟಿಗಿಂತ ಭಾರ. ಅಷ್ಟೇ ಜಾಗದಲ್ಲಿ ನ್ಯೂಟ್ರಿನೊ ಬಡಿಯಲು ವಸ್ತು ಜಾಸ್ತಿ.

ಇಲ್ಲಿ ಹೇಳುತ್ತಿರುವುದು ಅಡುಗೆಮನೆಯ ಉಪ್ಪಿನ ಚೀಲದ ಬಗ್ಗೆ ಅಲ್ಲ. ಹಳೆಯ ಸಮುದ್ರ ಒಣಗಿ ಉಳಿದ ಉಪ್ಪಿನ ಪದರದ ಮೇಲೆ ಕಿಲೋಮೀಟರ್‌ಗಟ್ಟಲೆ ಮಣ್ಣು ಕೂತಿರುತ್ತದೆ. ಉಪ್ಪು ಸುತ್ತಲಿನ ಕಲ್ಲಿಗಿಂತ ಹಗುರ, ಒತ್ತಡಕ್ಕೆ ನಿಧಾನವಾಗಿ ಹರಿಯುವ ಗುಣವೂ ಇದೆ. ಲಕ್ಷಾಂತರ ವರ್ಷಗಳಲ್ಲಿ ಮೇಲಕ್ಕೆ ಉಬ್ಬಿ ಗುಮ್ಮಟವಾಗುತ್ತದೆ. ಅಮೆರಿಕದ ಟೆಕ್ಸಾಸ್, ಲೂಸಿಯಾನ ಕಡೆ ಇಂಥವು ನೂರಾರು. ಕೆಲವು ಮೂರು ನಾಲ್ಕು ಕಿ.ಮೀ. ಅಗಲ, ಆಳ ಇನ್ನೂ ಜಾಸ್ತಿ. ಉಬ್ಬುವಾಗ ಕಸ ಕಡ್ಡಿ ಹಿಂದೆ ಉಳಿದು ಉಪ್ಪು ಚೊಕ್ಕವಾಗುತ್ತದೆ. ಬಿರುಕು ಬಿಟ್ಟರೂ ತಾನೇ ಕೂಡಿಕೊಳ್ಳುತ್ತದೆ. ಆ ನಂಬಿಕೆಯ ಮೇಲೇ ಅಮೆರಿಕದವರು ತಮ್ಮ ತುರ್ತು ಸಂಗ್ರಹದ ಕಚ್ಚಾ ತೈಲವನ್ನು ಉಪ್ಪಿನ ಗುಹೆಗಳಲ್ಲಿ ತುಂಬಿಟ್ಟಿದ್ದಾರೆ. ಅದರೊಳಗೆ ಹಡಗು ಇಲ್ಲ, ತಿಮಿಂಗಿಲ ಇಲ್ಲ, ಅಲೆ ಇಲ್ಲ.

ಮುಳಬಾಗಿಲು ದೋಸೆ

ಮೇಷ್ಟ್ರೇ, ಕೆಜಿಎಫ್ ಪ್ರಶ್ನೆ ಹಾಗೇ ಉಳಿಯಿತು. ಬಂಡೆಯಲ್ಲಿ ಸದ್ದಿನ ವೇಗ ಇನ್ನೂ ಜಾಸ್ತಿ ಅಲ್ವಾ? ಹಾಗಿದ್ದರೆ ಸದ್ದೂ ಜೋರಾಗಿರಬೇಕು.

ಮಾರಿಕುಪ್ಪಂ

ಎಲ್ಲರಿಗೂ ನಮಸ್ಕಾರ. ನಾನು ಅಂಡರ್‌ಗ್ರೌಂಡ್‌ನಲ್ಲಿ ದುಡಿದವನು. ವಿಜ್ಞಾನದ ಲೆಕ್ಕ ಮೇಷ್ಟ್ರು ನೋಡಿಕೊಳ್ಳಲಿ. ಗಣಿಯ ಸಮಾಚಾರ ನಾನು ಹೇಳುತ್ತೇನೆ.

ಮೊದಲನೆಯದು, 'ಸುಮ್ನೆ ಬಿದ್ದಿದೆ' ಅನ್ನುವ ಮಾತು. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿದರು. ಗಣಿ ಮುಚ್ಚಿದ ಮೇಲೆ ಪಂಪು ಓಡಿಸುವವರು ಯಾರು? ಒಳಗೆಲ್ಲ ನೀರು ತುಂಬಿಕೊಂಡಿದೆ. ಇಳಿಯುವ ಕೇಜ್ (ಲಿಫ್ಟ್) ಇಲ್ಲ, ಗಾಳಿ ಇಲ್ಲ. ಕೆಳಗಿನ ಲೆವೆಲ್‌ಗಳಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿಗಿಂತ ಮೇಲೆ. ತಣ್ಣನೆ ಗಾಳಿ ಕೆಳಗೆ ಕಳಿಸದಿದ್ದರೆ ಮನುಷ್ಯ ನಿಲ್ಲಲು ಆಗುತ್ತಿರಲಿಲ್ಲ.

ಎರಡನೆಯದು ಸದ್ದು. ನಮ್ಮ ಗಣಿ ಮೌನವಾಗಿ ಇದ್ದದ್ದೇ ಇಲ್ಲ. ಚಿನ್ನದ ಕಲ್ಲು ತೆಗೆದ ಮೇಲೆ ಸುತ್ತಲಿನ ಬಂಡೆ ಮೇಲೆ ಭಾರ ಬೀಳುತ್ತದೆ. ಎಂದೋ ಒಂದು ದಿನ ಸಿಡಿಯುತ್ತದೆ. ನಾವು ಅದಕ್ಕೆ ಏರ್ ಬ್ಲಾಸ್ಟ್ ಅನ್ನುತ್ತಿದ್ದೆವು. ದೊಡ್ಡದಾದರೆ ಮೇಲೆ ಊರಿನಲ್ಲಿ ಮನೆ ಅದುರುತ್ತಿತ್ತು. ಹೆಂಗಸರು ಮಕ್ಕಳು ಶಾಫ್ಟ್ ಹತ್ತಿರ ಓಡಿ ಬರುತ್ತಿದ್ದರು, ಯಾರ ಮನೆಯವರು ಒಳಗಿದ್ದಾರೋ ಅಂತ. ಸಣ್ಣ ಸಣ್ಣ ಚಟಪಟ ಶಬ್ದ ಅಂತೂ ಯಾವಾಗಲೂ ಇರುತ್ತಿತ್ತು. ಹಳಬರು ಆ ಶಬ್ದ ಕೇಳಿಯೇ ಇಲ್ಲಿ ನಿಲ್ಲಬೇಡ, ಆ ಕಡೆ ಬಾ ಅನ್ನುತ್ತಿದ್ದರು. ಆಮೇಲೆ ಅದನ್ನು ಕೇಳಲು ಜಿಯೋಫೋನ್ ಹಾಕಿದರು. ಎಲ್ಲಿ ಸಿಡಿಯಿತು ಅಂತ ಮೇಲೆ ಕೂತೇ ಗುರುತು ಹಾಕುತ್ತಿದ್ದರು.

ಟಿಐಎಫ್ಆರ್‌ನವರ ಯಂತ್ರಗಳು ಕೆಳಗೆ ಇದ್ದದ್ದು ನಮಗೆಲ್ಲ ಗೊತ್ತು. ಅವರಿಗೆ ಬೇಕಾಗಿದ್ದು ಬೇರೆ ಕಣಗಳನ್ನು ತಡೆಯುವ ತಲೆ ಮೇಲಿನ ಬಂಡೆ. ಅದು ಸಿಡಿದರೂ ಸಿಡಿಯದಿದ್ದರೂ ಅವರ ಯಂತ್ರಕ್ಕೆ ಲೆಕ್ಕವಿಲ್ಲ. ಕಿವಿ ಇಟ್ಟು ಕೇಳುವ ಯಂತ್ರಕ್ಕೆ ಮಾತ್ರ ನಮ್ಮ ಗಣಿ ಆಗಿಬರುವುದಿಲ್ಲ.

ಚಿಂತಾಮಣಿ ಸೌಂಡ್ಸ್

ಮಾರಿಕುಪ್ಪಂ ಅಣ್ಣ ಹೇಳಿದ್ದು ನೂರಕ್ಕೆ ನೂರು. ವರ್ಷಕ್ಕೆ ಒಂದೋ ಎರಡೋ ಕ್ಲಿಕ್‌ಗೆ ಕಾಯುತ್ತಾ ಕೂತವನಿಗೆ ದಿನಕ್ಕೆ ಸಾವಿರ ಚಟಪಟ ಬಂದರೆ ತಲೆ ಕೆಟ್ಟುಹೋಗುತ್ತದೆ.

ಗೌರಿಬಿದನೂರು ಮೇಷ್ಟ್ರು

ಅಣ್ಣ ಬರೆದದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಗಣಿ ಮೌನವಾಗಿದ್ದರೂ, ಒಣಗಿದ್ದರೂ ಕೆಲಸ ಆಗುತ್ತಿರಲಿಲ್ಲ. ಕಾರಣ ಬಂಡೆಯೊಳಗಿನ ಖನಿಜದ ಹರಳು.

ನಮ್ಮ ಗೌರಿಬಿದನೂರಿನಲ್ಲಿ 1960ರ ದಶಕದಿಂದಲೂ ಬಾರ್ಕ್‌ನವರ (ಭಾಭಾ ಅಣು ಸಂಶೋಧನಾ ಕೇಂದ್ರ) ಭೂಕಂಪ ಕೇಂದ್ರ ಇದೆ. ಇಂಗ್ಲೆಂಡಿನ ಅಣುಶಕ್ತಿಯವರ ಜೊತೆ ಸೇರಿ ಹಾಕಿದ್ದು. ಬಂಡೆಯ ಮೇಲೆ ಸೆನ್ಸರ್‌ಗಳನ್ನು ಎಲ್ ಆಕಾರದಲ್ಲಿ ಕಿಲೋಮೀಟರ್‌ಗಟ್ಟಲೆ ಹರಡಿದ್ದಾರೆ. ಎಲ್ಲೋ ದೂರದ ದೇಶದಲ್ಲಿ ನೆಲದಡಿ ಅಣುಬಾಂಬ್ ಪರೀಕ್ಷೆ ನಡೆದರೆ ಇಲ್ಲಿ ಗೊತ್ತಾಗಬೇಕು, ಅದೇ ಉದ್ದೇಶ. ಸಾವಿರಾರು ಕಿ.ಮೀ. ದೂರದ ಅಲುಗಾಟ ಇಲ್ಲಿಗೆ ಬಂದು ಮುಟ್ಟುತ್ತದೆ. ಹಾಗಾದರೆ ಅದೇ ಬಂಡೆಯಲ್ಲಿ ನ್ಯೂಟ್ರಿನೊ ಸದ್ದು ಒಂದು ಕಿ.ಮೀ. ಯಾಕೆ ಬರಬಾರದು ಅಂತ ದೋಸೆ ಅವರು ಕೇಳಬಹುದು.

ಬಾಂಬಿನ ಅಲುಗಾಟ ಸೆಕೆಂಡಿಗೆ ಒಂದು ಸಲದ ಆಸುಪಾಸು. ಅಲೆಯ ಉದ್ದವೇ ಕಿಲೋಮೀಟರ್‌ಗಟ್ಟಲೆ. ಅಕ್ಕಿ ಕಾಳಿನಷ್ಟು ಹರಳು ಅದಕ್ಕೆ ಲೆಕ್ಕಕ್ಕೇ ಇಲ್ಲ. ನ್ಯೂಟ್ರಿನೊ ಸದ್ದು ಗಟ್ಟಿ ವಸ್ತುವಿನಲ್ಲಿ 20, 30 ಕಿಲೋಹರ್ಟ್ಸ್, ಇನ್ನೂ ಮೇಲೂ ಹೋಗುತ್ತದೆ. ಅಲೆಯ ಉದ್ದ ಹತ್ತಿಪ್ಪತ್ತು ಸೆಂಟಿಮೀಟರ್. ಆಗ ಪ್ರತಿ ಹರಳಿನ ಅಂಚಿನಲ್ಲೂ ಸದ್ದು ಸ್ವಲ್ಪ ಸ್ವಲ್ಪ ಚದುರುತ್ತದೆ. ಚದುರುವಿಕೆಯ ಲೆಕ್ಕ ನಿರ್ದಯಿ. ಫ್ರೀಕ್ವೆನ್ಸಿ ಎರಡರಷ್ಟಾದರೆ ಚದುರುವುದು 16 ಪಟ್ಟು. ಹರಳಿನ ಗಾತ್ರ ಎರಡರಷ್ಟಾದರೆ 8 ಪಟ್ಟು.

ಗ್ರಾನೈಟ್‌ನಲ್ಲಿ ಒಂದೇ ಜಾತಿಯ ಹರಳು ಇಲ್ಲ. ಬಿಳಿ, ಕಪ್ಪು, ಹೊಳೆಯುವ ಅಭ್ರಕ, ಎಲ್ಲ ಬೆರೆತಿದೆ. ಒಂದೊಂದರ ಗಡಸುತನ ಒಂದೊಂದು ತರ. ಮೇಲೆ ಕೂದಲೆಳೆಯಂಥ ಬಿರುಕುಗಳು. ಸದ್ದು ಪ್ರತಿ ಹೆಜ್ಜೆಗೂ ಚದುರುತ್ತದೆ. ಕೆಜಿಎಫ್‌ನ ಕಪ್ಪು ಬಂಡೆಯೂ ಹಲವು ಖನಿಜಗಳ ಬೆರಕೆಯೇ. ಗುಮ್ಮಟದ ಉಪ್ಪಿನ ಹರಳು ದೊಡ್ಡದೇ, ಮಿಲಿಮೀಟರ್‌ಗಳ ಲೆಕ್ಕ. ಆದರೆ ಎಲ್ಲ ಒಂದೇ ವಸ್ತು. ಒಂದು ಹರಳಿನಿಂದ ಪಕ್ಕದ್ದಕ್ಕೆ ದಾಟುವಾಗ ಸದ್ದಿಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಹಾಗಾಗಿ ಚದುರುವುದು ಕಡಿಮೆ.

ಶಿಡ್ಲಘಟ್ಟ ಗೂಡು

ಕೇಳಲು ಚೆನ್ನಾಗಿದೆ. ಉಪ್ಪಿನಲ್ಲಿ ಸದ್ದು ಜೋರು, ದೂರ ಹೋಗುತ್ತದೆ, ಸುತ್ತ ಮೌನ. 1957ರಿಂದ ಇಷ್ಟು ವರ್ಷ ಆಯಿತು. ಇದುವರೆಗೆ ಸದ್ದಿನಿಂದ ಎಷ್ಟು ನ್ಯೂಟ್ರಿನೊ ಸಿಕ್ಕಿವೆ?

ಗೌರಿಬಿದನೂರು ಮೇಷ್ಟ್ರು

ಒಂದೂ ಇಲ್ಲ.

ಶಿಡ್ಲಘಟ್ಟ ಗೂಡು

ಅದೇ ನಾನು ಹೇಳಿದ್ದು.

ಗೌರಿಬಿದನೂರು ಮೇಷ್ಟ್ರು

ಪೂರ್ತಿ ಕೇಳಿ. ಬಹಾಮಾಸ್ ದ್ವೀಪಗಳ ಹತ್ತಿರ ಅಮೆರಿಕದ ನೌಕಾಪಡೆಯ ಹೈಡ್ರೋಫೋನ್‌ಗಳನ್ನು ಬಳಸಿ ನೋಡಿದರು. ಸ್ಕಾಟ್ಲೆಂಡಿನ ರೋನಾ ದ್ವೀಪದ ಬಳಿ ನೋಡಿದರು. ಫ್ರಾನ್ಸಿನ ತುಲೋನ್ ಊರಿನ ಆಚೆ, ಅಂಟಾರೆಸ್ ಅನ್ನುವ ಬೆಳಕಿನ ಡಿಟೆಕ್ಟರ್ ಜೊತೆಗೇ ಸದ್ದಿನ ಸೆನ್ಸರ್‌ಗಳನ್ನೂ ಕಟ್ಟಿದ್ದರು. ಸಿಗಲಿಲ್ಲ. ಅಷ್ಟು ಸಣ್ಣ ಏರ್ಪಾಟಿನಲ್ಲಿ ಸಿಗುತ್ತದೆ ಅಂತ ಯಾರೂ ಅಂದುಕೊಂಡೂ ಇರಲಿಲ್ಲ. ಅವರು ಅಳೆಯುತ್ತಿದ್ದದ್ದು ಗಲಾಟೆಯನ್ನು.

ಎಲ್ಲಕ್ಕಿಂತ ದೊಡ್ಡ ಪಾಠ ಬಂದದ್ದು ದಕ್ಷಿಣ ಧ್ರುವದಿಂದ. ಮಂಜುಗಡ್ಡೆಯೂ ಉಪ್ಪಿನ ಹಾಗೆ ಗಟ್ಟಿ, ಒಂದೇ ವಸ್ತು, ಸದ್ದು ಜೋರು. ಕಾಗದದ ಮೇಲಿನ ಲೆಕ್ಕದ ಪ್ರಕಾರ ಸದ್ದು ಅದರಲ್ಲಿ ಹಲವು ಕಿ.ಮೀ. ಸಾಗಬೇಕಿತ್ತು. 2007ರಲ್ಲಿ ಸ್ಪಾಟ್ಸ್ ಅನ್ನುವ ಗುಂಪು ಐಸ್‌ಕ್ಯೂಬ್‌ಗೆ ಕೊರೆದ ತೂತುಗಳಲ್ಲೇ ಸೆನ್ಸರ್ ಇಳಿಸಿತು. ಪಕ್ಕದ ತೂತುಗಳಲ್ಲಿ ಸದ್ದು ಮಾಡುವ ಯಂತ್ರ ಇಳಿಸಿ, ಎಷ್ಟು ದೂರದಲ್ಲಿ ಎಷ್ಟು ಉಳಿಯುತ್ತದೆ ಅಂತ ಅಳೆದರು. ಬಂದ ಉತ್ತರ ಸುಮಾರು 300 ಮೀಟರ್. ಲೆಕ್ಕ ಹೇಳಿದ್ದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ತೂತುಗಳ ನಡುವೆ ಕಿಲೋಮೀಟರ್ ಬಿಡುವ ಆಸೆ ಅಲ್ಲಿಗೆ ಮಂಕಾಯಿತು.

ಉಪ್ಪಿನ ಮೇಲಿನ ಆಸೆಯೂ ಇದೇ ತರದ ಕಾಗದದ ಲೆಕ್ಕದ್ದು. ಅದಕ್ಕೇ ನನ್ನ ಅಭಿಪ್ರಾಯ ಸ್ಪಷ್ಟ. ಸಾವಿರ ಮೈಕಿನ ಯೋಜನೆ ಬರೆಯುವ ಮೊದಲು ಒಂದು ಗುಮ್ಮಟದೊಳಗೆ ಎರಡು ತೂತು ಕೊರೆದು, ಒಂದರಿಂದ ಸದ್ದು ಬಿಟ್ಟು ಇನ್ನೊಂದರಲ್ಲಿ ಕೇಳಬೇಕು. ತೂತಿನ ನಡುವಿನ ದೂರ ಬದಲಿಸುತ್ತಾ ಮತ್ತೆ ಮತ್ತೆ ಕೇಳಬೇಕು.

ಕೆಜಿಎಫ್‌ನಲ್ಲಿ ಮಾಡಿದ್ದೂ ಹೀಗೇ. ಟಿಐಎಫ್ಆರ್‌ನ ಶ್ರೀಕಂಠನ್ ಅವರು 1950ರ ದಶಕದ ಶುರುವಿನಲ್ಲೇ ಅಲ್ಲಿ ಮ್ಯೂಆನ್, ಅಂದರೆ ವಾತಾವರಣದಲ್ಲಿ ಹುಟ್ಟಿ ನೆಲದೊಳಗೂ ಇಳಿಯುವ ಕಣಗಳನ್ನು ಎಣಿಸಲು ಇಳಿದಿದ್ದರು. ಒಂದೊಂದು ಆಳದಲ್ಲೂ ಎಣಿಸುತ್ತಾ ಹೋದರು. ಕೊನೆಗೆ ಸುಮಾರು 2.7 ಕಿ.ಮೀ. ಆಳದಲ್ಲಿ ಎರಡು ತಿಂಗಳು ಕಾದರೂ ಒಂದು ಮ್ಯೂಆನ್ ಕೂಡ ಬರಲಿಲ್ಲ. ಬೇರೆಯವರಿಗೆ ಅದು ಸೋತ ಪ್ರಯೋಗದಂತೆ ಕಾಣಬಹುದು. ಇವರು ಹೇಳಿದ್ದು, ಮ್ಯೂಆನ್‌ಗಳ ಗಲಾಟೆ ಇಷ್ಟು ಅಡಗಿದ ಜಾಗ ಇದ್ದರೆ ಇಲ್ಲಿ ನ್ಯೂಟ್ರಿನೊ ಹುಡುಕಬಹುದು ಅಂತ. ಆ ತರದ ಮೌನ ಎಷ್ಟಿದೆ ಅಂತ ಮೊದಲು ಅಳೆದರು, ಯಂತ್ರ ಆಮೇಲೆ ಇಟ್ಟರು.

ಚಿಂತಾಮಣಿ ಸೌಂಡ್ಸ್

ಮೇಷ್ಟ್ರೇ, ಉಪ್ಪಿನಲ್ಲಿ ರೇಡಿಯೊ ಅಲೆಯಿಂದ ಹಿಡಿಯುವ ಯೋಚನೆಯೂ ಇತ್ತಲ್ಲ? ಅಸ್ಕರ್ಯಾನ್ ಹೆಸರು ನಾನು ಕೇಳಿದ್ದು ಅದರಲ್ಲೇ.

ಗೌರಿಬಿದನೂರು ಮೇಷ್ಟ್ರು

ಹೌದು, ಅದೇ ಅಸ್ಕರ್ಯಾನ್, 1962ರಲ್ಲಿ. ಕಣಗಳ ಮಳೆಯಲ್ಲಿ ಎಲೆಕ್ಟ್ರಾನ್ ಸ್ವಲ್ಪ ಜಾಸ್ತಿ ಸೇರಿಕೊಂಡು ರೇಡಿಯೊ ಮಿಂಚು ಹೊಮ್ಮುತ್ತದೆ. 2000ರಲ್ಲಿ ಅಮೆರಿಕದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ ಮರಳಿನಲ್ಲಿ ಅದನ್ನು ಕಂಡರು. ಆಮೇಲೆ ಉಪ್ಪಿನಲ್ಲೂ ಮಂಜುಗಡ್ಡೆಯಲ್ಲೂ ಕಂಡರು. ಉಪ್ಪಿನ ಗುಮ್ಮಟದಲ್ಲಿ ಆಂಟೆನಾ ಇಳಿಸುವ ಸಾಲ್ಸಾ ಅನ್ನುವ ಯೋಜನೆಯೂ ಇತ್ತು. ಟೆಕ್ಸಾಸ್‌ನ ಹಾಕ್ಲಿ ಗಣಿಯಲ್ಲಿ ಅಳೆದಾಗ ಆಸೆ ಮೂಡಿತು. ಲೂಸಿಯಾನದ ಕೋಟ್ ಬ್ಲಾಂಚ್ ಗಣಿಯಲ್ಲಿ ಇನ್ನೂ ಎಚ್ಚರಿಕೆಯಿಂದ ಅಳೆದರು. ಅಲ್ಲಿ ರೇಡಿಯೊ ನೂರು ಮೀಟರ್‌ಗಿಂತ ಮೊದಲೇ ಮಂಕಾಗುತ್ತಿತ್ತು. ಅಲ್ಲಿಂದ ಮುಂದೆ ರೇಡಿಯೊದವರು ಹೆಚ್ಚಾಗಿ ಮಂಜುಗಡ್ಡೆಗೇ ಹೋದರು. ಈಗ ಗ್ರೀನ್‌ಲೆಂಡಿನಲ್ಲೂ ಆಂಟೆನಾ ಇಳಿಸಿದ್ದಾರೆ.

ಒಂದು ಗುಮ್ಮಟ ಕೈಕೊಟ್ಟರೆ ಎಲ್ಲ ಗುಮ್ಮಟವೂ ಹಾಗೇ ಅಂತಲ್ಲ. ಜೇಡಿಮಣ್ಣು, ಸಿಕ್ಕಿಹಾಕಿಕೊಂಡ ಉಪ್ಪುನೀರಿನ ಹನಿ ಎಷ್ಟಿವೆ ಅನ್ನುವುದು ಒಂದೊಂದು ಕಡೆ ಒಂದೊಂದು ತರ. ರೇಡಿಯೊಗೆ ಆಗದ ಉಪ್ಪು ಸದ್ದಿಗೆ ಆಗಲೂಬಹುದು.

ಮುಳಬಾಗಿಲು ದೋಸೆ

ಗಟ್ಟಿ ವಸ್ತುವಿನಲ್ಲಿ ಪಿ ಅಲೆ (ಹಿಂದೆ ಮುಂದೆ ತಳ್ಳುವುದು, ವೇಗ ಜಾಸ್ತಿ), ಎಸ್ ಅಲೆ (ಅಡ್ಡಡ್ಡ ಅಲುಗಿಸುವುದು, ನಿಧಾನ) ಅಂತ ಎರಡು ಬರುತ್ತವೆ. ಭೂಕಂಪದವರು ಎರಡರ ನಡುವಿನ ಹೊತ್ತು ನೋಡಿ ದೂರ ಹೇಳುತ್ತಾರೆ. ಉಪ್ಪಿನಲ್ಲೂ ಹಾಗೆ ಮಾಡಿದರೆ ಒಂದೇ ಸೆನ್ಸರ್ ಸಾಕಲ್ವಾ? ದುಡ್ಡು ಉಳಿಯುತ್ತದೆ.

ಗೌರಿಬಿದನೂರು ಮೇಷ್ಟ್ರು

ಒಳ್ಳೆಯ ಯೋಚನೆ. ಆದರೆ ಭೂಕಂಪದಲ್ಲಿ ಬಂಡೆ ಜಾರುತ್ತದೆ, ಅದಕ್ಕೇ ಎಸ್ ಅಲೆ ಜೋರಾಗಿ ಹುಟ್ಟುತ್ತದೆ. ಇಲ್ಲಿ ಬಿಸಿಯಾದ ಗೆರೆ ಬರೀ ಹಿಗ್ಗುತ್ತದೆ. ಹಿಗ್ಗಿದರೆ ಹುಟ್ಟುವುದು ಪಿ ಅಲೆ. ಎಸ್ ಅನ್ನು ನಂಬಿ ಕೂರಲು ಆಗುವುದಿಲ್ಲ. ಇದರಿಂದ ಒಂದು ಲಾಭವೂ ಇದೆ ನೋಡಿ. ಮಾರಿಕುಪ್ಪಂ ಅಣ್ಣ ಹೇಳಿದ ಚಟಪಟದಲ್ಲಿ ಬಂಡೆ ಸೀಳಿ ಜಾರುತ್ತದೆ, ಎಸ್ ಅಲೆ ಬರುತ್ತದೆ. ಕ್ಲಿಕ್ಕಿನ ಹಿಂದೆ ಜೋರಾದ ಎಸ್ ಬಂದರೆ ಅದು ಬಿರುಕು, ನ್ಯೂಟ್ರಿನೊ ಅಲ್ಲ.

ದಿಕ್ಕು ತಿಳಿಯಲು ಗೌರಿಬಿದನೂರಿನ ಉಪಾಯವೇ ಬೇಕು. ಒಂದೇ ಅಲೆ ಯಾವ ಸೆನ್ಸರ್‌ಗೆ ಮೊದಲು, ಯಾವುದಕ್ಕೆ ಆಮೇಲೆ ಮುಟ್ಟಿತು ಅನ್ನುವ ಲೆಕ್ಕ. ಜೊತೆಗೆ ಬಿಲ್ಲೆಯ ಆಕಾರ ನೆನಪಿಡಿ. ನಿಜವಾದ ನ್ಯೂಟ್ರಿನೊ ಆದರೆ ಒಂದು ಚಪ್ಪಟೆ ಮಟ್ಟದಲ್ಲಿರುವ ಸೆನ್ಸರ್‌ಗಳಿಗೆ ಮಾತ್ರ ಕೇಳಬೇಕು. ಅದರ ಮೇಲೆ ಕೆಳಗೆ ಇರುವವು ಸುಮ್ಮನಿರಬೇಕು. ಬಿರುಕಿನ ಸದ್ದು ಹಾಗೆ ಚಪ್ಪಟೆಯಾಗಿ ಹರಡುವುದಿಲ್ಲ.

ಮಾರಿಕುಪ್ಪಂ

ಉಪ್ಪಿನಲ್ಲಿ ಬಿರುಕು ತಾನೇ ಕೂಡಿಕೊಳ್ಳುತ್ತದೆ ಅಂದಿರಲ್ಲ ಮೇಷ್ಟ್ರೇ, ಹಾಗಾದರೆ ಕೊರೆದ ತೂತೂ ಮುಚ್ಚಿಕೊಳ್ಳುತ್ತದೆ, ಸೆನ್ಸರ್ ಕೆಟ್ಟರೆ ಮೇಲೆ ಎಳೆಯುವುದು ಹೇಗೆ?

ಗೌರಿಬಿದನೂರು ಮೇಷ್ಟ್ರು

ಎಳೆಯಲು ಆಗುವುದಿಲ್ಲ ಅಣ್ಣ. ಉಪ್ಪು ಬಿಗಿಯಾಗಿ ಹಿಡಿದುಕೊಂಡರೆ ಸದ್ದು ಸೆನ್ಸರ್‌ಗೆ ಚೆನ್ನಾಗಿ ದಾಟುತ್ತದೆ. ಆದರೆ ಕೆಟ್ಟರೆ ಕೆಟ್ಟಿತು. ಧ್ರುವದಲ್ಲೂ ಇದೇ ಪಾಡು, ನೀರು ಮತ್ತೆ ಹೆಪ್ಪುಗಟ್ಟಿದ ಮೇಲೆ ಯಾವ ಸೆನ್ಸರೂ ವಾಪಸ್ ಬರುವುದಿಲ್ಲ.

ಕೋಲಾರ ಬಿಎಸ್ಸಿ

ಸರ್, ನಾನು ಮೂರನೇ ವರ್ಷದ ಬಿಎಸ್ಸಿ. ಭಾರತದಲ್ಲಿ ಇಂಥ ಉಪ್ಪು ಎಲ್ಲಿದೆ? ಇದರ ಮೇಲೆ ಒಂದು ಸಣ್ಣ ಪ್ರಾಜೆಕ್ಟ್ ಮಾಡಬಹುದಾ? ಕಾಲೇಜಿನ ಲ್ಯಾಬ್‌ನಲ್ಲಿ ಆಸಿಲೋಸ್ಕೋಪ್ ಇದೆ.

ಗೌರಿಬಿದನೂರು ಮೇಷ್ಟ್ರು

ಹಿಮಾಚಲದ ಮಂಡಿ ಜಿಲ್ಲೆಯಲ್ಲಿ, ಗುಮ್ಮಾ ಮತ್ತು ದ್ರಂಗ್ ಅನ್ನುವ ಕಡೆ ಕಲ್ಲುಪ್ಪಿನ ಗಣಿ ಇವೆ. ಆ ಉಪ್ಪಿನಲ್ಲಿ ಮಣ್ಣು ಜಾಸ್ತಿ. ರಾಜಸ್ಥಾನದಲ್ಲಿ ನಾಗೌರ್‌ನಿಂದ ಗಂಗಾನಗರದ ಕಡೆಗೆ ಮರಳುಗಾಡಿನ ಅಡಿಯಲ್ಲಿ ಉಪ್ಪಿನ ದಪ್ಪ ಪದರಗಳಿವೆ, ಕೆಲವು ನೂರು ಮೀಟರ್ ಆಳದಲ್ಲಿ. ಅದು ಪದರ, ಗುಮ್ಮಟ ಅಲ್ಲ. ಆದರೂ ಮೊದಲ ಅಳತೆಗೆ ಅಲ್ಲಿಯ ಉಪ್ಪೇ ಸಾಕು.

ಪ್ರಾಜೆಕ್ಟ್ ವಿಷಯ. ಗ್ರಂದಿಗೆ ಅಂಗಡಿಯಲ್ಲಿ ಸೈಂಧವ ಲವಣದ ದೊಡ್ಡ ಗಟ್ಟಿ ಸಿಗುತ್ತದೆ. ಎರಡು ಮುಖ ಸಮ ಮಾಡಿಸು. ಎರಡೂ ಕಡೆ ಒಂದೊಂದು ಪೀಜೋ ಬಿಲ್ಲೆ (ಅದುರಿದರೆ ವಿದ್ಯುತ್ ಕೊಡುವ ಬಿಲ್ಲೆ) ಅಂಟಿಸು. ಒಂದು ಮುಖದ ಮೇಲೆ ಪೆನ್ಸಿಲ್ ಲೆಡ್ ಒತ್ತಿ ಮುರಿ. ಮುರಿದಾಗ ಥಟ್ಟನೆ ಒಂದು ಅಲೆ ಹೊರಡುತ್ತದೆ. ಬಿರುಕಿನ ಸದ್ದು ಪರೀಕ್ಷಿಸುವ ಎಂಜಿನಿಯರ್‌ಗಳು ಬಳಸುವ ಹಳೆಯ ವಿಧಾನ ಇದು. 20 ಸೆಂಟಿಮೀಟರ್ ಉಪ್ಪು ದಾಟಲು ಸುಮಾರು 44 ಮೈಕ್ರೋಸೆಕೆಂಡ್. ಆಸಿಲೋಸ್ಕೋಪ್‌ನಲ್ಲಿ ಆರಾಮಾಗಿ ಕಾಣುತ್ತದೆ. ಅದೇ ಅಳತೆಯನ್ನು ಗ್ರಾನೈಟ್ ತುಂಡಿನಲ್ಲೂ ಮಾಡಿ ಎರಡನ್ನೂ ಪಕ್ಕಪಕ್ಕ ಇಡು.

ಚಿಂತಾಮಣಿ ಸೌಂಡ್ಸ್

ತಮ್ಮಾ, ಒಂದು ಎಚ್ಚರಿಕೆ. ಇದರಿಂದ ವೇಗ ಅಳೆಯಬಹುದು, ಸದ್ದು ಎಷ್ಟು ಕುಗ್ಗಿತು ಅಂತ ಅಳೆಯಲು ಹೋಗಬೇಡ. ಸಣ್ಣ ಗಟ್ಟಿಯಲ್ಲಿ ಸದ್ದು ಗೋಡೆಗೆ ಬಡಿದು ಬಡಿದು ವಾಪಸ್ ಬರುತ್ತದೆ. ನಿನಗೆ ಕಾಣುವುದು ಬರೀ ಪ್ರತಿಧ್ವನಿ. ಕುಗ್ಗುವುದನ್ನು ನೋಡಬೇಕಾದರೆ ಉದ್ದದ ತುಂಡು ಬೇಕು. ಬೇರೆ ಬೇರೆ ದೂರದಲ್ಲಿ ಪೀಜೋ ಇಟ್ಟು, ಮೊದಲು ಬಂದ ಏರಿಳಿತ ಮಾತ್ರ ಲೆಕ್ಕಕ್ಕೆ ತಗೋ. ಉಪ್ಪಿನಲ್ಲಿ ಅಷ್ಟು ಉದ್ದ ಸಿಗಲ್ಲ, ಗ್ರಾನೈಟ್‌ನಲ್ಲಿ ಸಿಗುತ್ತದೆ.

ಮಾಲೂರು ಹೆಂಚು

ಗ್ರಾನೈಟ್ ನನ್ನ ಜವಾಬ್ದಾರಿ. ನಮ್ಮ ಭಾವನದು ಪಾಲಿಶಿಂಗ್ ಯೂನಿಟ್ ಇದೆ. ಅಂಚು ಒಡೆದ ಉದ್ದದ ಪಟ್ಟಿಗಳು ಹಿತ್ತಲಲ್ಲಿ ರಾಶಿ ಬಿದ್ದಿವೆ, ಹತ್ತಡಿಯವೂ ಇವೆ. ಬಿಳಿದೂ ಇದೆ, ಕಪ್ಪೂ ಇದೆ. ದುಡ್ಡು ಬೇಡ, ಆದರೆ ಗಾಡಿ ನೀವೇ ತರಬೇಕು.

ಕೋಲಾರ ಬಿಎಸ್ಸಿ

ಅಣ್ಣ, ಎರಡು ಬಣ್ಣದಲ್ಲೂ ಒಂದೊಂದು ಎತ್ತಿಡಿ. ಕಪ್ಪು ಕಲ್ಲಿನ ಹರಳು ಸಣ್ಣದು ಅಲ್ವಾ ಸರ್? ಹಾಗಿದ್ದರೆ ಅದರಲ್ಲಿ ಸದ್ದು ಕಡಿಮೆ ಚದುರಬೇಕು.

ಗೌರಿಬಿದನೂರು ಮೇಷ್ಟ್ರು

ಹರಳಿನ ಗಾತ್ರ ಮೊದಲು ಲೆನ್ಸ್ ಇಟ್ಟು ಅಳೆದು ಬರೆದುಕೋ. ಆಮೇಲೆ ಲೆಡ್ ಮುರಿ.